ಮಗ ಐಟಿಐ ಸೇರುತ್ತೇನೆ ಅನ್ನುತ್ತಾನೆ, ನೆಂಟರು ಎಂಜಿನಿಯರಿಂಗ್ ಅನ್ನುತ್ತಾರೆ, ಏನು ಮಾಡಲಿ?

ಐಟಿಐಗೇ ಸೇರಿಸಿ ಅಕ್ಕ. ಎಸ್ಸೆಸ್ಸೆಲ್ಸಿ ಪಾಸಾದ ಹುಡುಗ ತಾನಾಗಿಯೇ ಎಲೆಕ್ಟ್ರಿಷಿಯನ್ ಕೆಲಸ ಕಲಿಯುತ್ತೇನೆ ಅಂತ ಹಟ ಹಿಡಿದಿದ್ದಾನೆ ಎಂದು ಬರೆದಿದ್ದೀರಿ, ಅದು ಸಣ್ಣ ವಿಷಯ ಅಲ್ಲ. ನಾನು ಗೋಣಿಕೊಪ್ಪಲು ಹತ್ತಿರ ಮೋಟಾರ್ ವೈಂಡಿಂಗ್, ಪಂಪ್‌ಸೆಟ್ ರಿಪೇರಿ ಅಂಗಡಿ ಇಟ್ಟುಕೊಂಡಿದ್ದೇನೆ. ಇದರಲ್ಲೇ ಮನೆ ಕಟ್ಟಿದೆ, ಇದರಲ್ಲೇ ಮಗಳನ್ನು ಓದಿಸುತ್ತಿದ್ದೇನೆ.

ನಮ್ಮ ಕೊಡಗಿನಲ್ಲಿ ಈ ಕೆಲಸಕ್ಕೆ ಬರ ಇಲ್ಲ. ಫೆಬ್ರವರಿ, ಮಾರ್ಚ್ ಬಂದರೆ ರೋಬಸ್ಟಾ ಕಾಫಿ ತೋಟಗಳಿಗೆ ಹೂವಿನ ನೀರು, ಅಂದರೆ ಮೊಗ್ಗು ಅರಳಲು ಬೇಕಾದ ನೀರು ಕೊಡಬೇಕು. ಮೊಗ್ಗು ಬಲಿತಿರುತ್ತದೆ, ಕೆರೆಯಲ್ಲಿ ನೀರೂ ಇರುತ್ತದೆ, ಪಂಪ್ ಮಾತ್ರ ನೀರೆತ್ತುವುದಿಲ್ಲ. ಹೋಗಿ ನೋಡಿದರೆ ಕೆರೆಯೊಳಗಿನ ಪೈಪಿನ ತುದಿಯ ಫುಟ್‌ವಾಲ್ವಿಗೆ ಎಲೆ ಸಿಕ್ಕಿಕೊಂಡು ಪೈಪಿನ ನೀರೆಲ್ಲ ಇಳಿದುಹೋಗಿರುತ್ತದೆ, ಇಲ್ಲವೇ ವೋಲ್ಟೇಜ್ ಬಿದ್ದು ವೈಂಡಿಂಗ್ ಸುಟ್ಟು ವಾರ್ನಿಶ್ ವಾಸನೆ ಹೊಡೆಯುತ್ತಿರುತ್ತದೆ. ನೀರು ತಪ್ಪಿದರೆ ಮುಂದಿನ ಫಸಲೇ ಹೋಯಿತು, ಹಾಗಾಗಿ ಎಂಥ ದೊಡ್ಡ ತೋಟದ ಮಾಲೀಕರೂ ಆಗ ಮೆಕ್ಯಾನಿಕ್ ದಾರಿ ಕಾಯುತ್ತಾರೆ. ಮಳೆಗಾಲದಲ್ಲಿ ಮರ ಬಿದ್ದು ಕರೆಂಟ್ ಹೋಗುವುದು ಇದ್ದೇ ಇದೆ, ಯುಪಿಎಸ್ ಕೆಲಸ ಬರುತ್ತದೆ. ಹೋಮ್‌ಸ್ಟೇಗಳ ಗೀಸರ್, ಸೋಲಾರ್ ಬೇರೆ.

ಆದರೆ ಕೆಲಸ ಚೆನ್ನಾಗಿ ಗೊತ್ತಿದ್ದೂ ಕೈ ಸುಟ್ಟುಕೊಂಡವರನ್ನು ನಾನು ಬಹಳ ನೋಡಿದ್ದೇನೆ. ಎಲ್ಲರದ್ದೂ ದುಡ್ಡಿನ ತೊಂದರೆಯೇ. ಇಲ್ಲಿ ಎಷ್ಟೋ ಜನ ಕಾಫಿ ಮಾರಿದ ಮೇಲೆ ಕೊಡುತ್ತೇನೆ ಅನ್ನುತ್ತಾರೆ, ತಾಮ್ರದ ತಂತಿಗೆ, ಬೇರಿಂಗಿಗೆ ನಾವು ಮಾತ್ರ ಅವತ್ತೇ ದುಡ್ಡು ಹಾಕಬೇಕು. ಪರಿಚಯದವರು ಅಂತ ಸುಮ್ನೆ ಬಿಟ್ಟುಬಿಟ್ಟರೆ ವರ್ಷದ ಕೊನೆಗೆ ಕೈಯಲ್ಲಿ ಏನೂ ಉಳಿಯುವುದಿಲ್ಲ. ಸಾಮಾನಿನ ದುಡ್ಡು ಮೊದಲೇ ಇಸ್ಕೊಳ್ಳುವುದು, ಬಿಲ್ ಬರೆಯುವುದು, ಮಳೆ ತಿಂಗಳಿಗೆ ಅಂತ ತೆಗೆದಿಡುವುದು, ಇದನ್ನು ಐಟಿಐನಲ್ಲಿ ಯಾರೂ ಕೂರಿಸಿ ಕಲಿಸುವುದಿಲ್ಲ, ಮನೆಯಲ್ಲಿ ನೀವೇ ಕಲಿಸಬೇಕು. ಪಿಂಚಣಿಯೂ ಇಲ್ಲ, ವಯಸ್ಸಾದ ಮೇಲೆ ಸೊಂಟ, ಮಂಡಿ ಹಿಡಿದುಕೊಳ್ಳುತ್ತದೆ. ಮೊದಲ ಗಳಿಕೆಯಿಂದಲೇ ವಿಮೆ, ಉಳಿತಾಯ ಶುರು ಮಾಡಿಸಿ.

ಎಂಜಿನಿಯರಿಂಗ್ ಬಾಗಿಲು ಮುಚ್ಚಿಹೋಗುತ್ತದೆ ಅನ್ನುವ ಭಯವೂ ಬೇಡ. ಎಲೆಕ್ಟ್ರಿಷಿಯನ್ ಟ್ರೇಡ್ 2 ವರ್ಷದ್ದು. ಅದು ಮುಗಿದ ಮೇಲೆ ಡಿಪ್ಲೊಮಾದ 2ನೇ ವರ್ಷಕ್ಕೆ ನೇರವಾಗಿ ಸೇರಬಹುದು, ಡಿಪ್ಲೊಮಾ ಆದ ಮೇಲೆ ಡಿಸಿಇಟಿ ಅನ್ನುವ ಪ್ರವೇಶ ಪರೀಕ್ಷೆ ಬರೆದು ಬಿಇ 2ನೇ ವರ್ಷಕ್ಕೂ ಹೋಗಬಹುದು. ಇಲ್ಲೇ ನಿಲ್ಲುವುದಾದರೆ ಅಪ್ರೆಂಟಿಸ್ ಮುಗಿಸಲಿ, ವಿದ್ಯುತ್ ಪರಿವೀಕ್ಷಣಾಲಯದಿಂದ ವೈರ್‌ಮನ್ ಪರ್ಮಿಟ್ ತೆಗೆದುಕೊಳ್ಳಲಿ, ಆಮೇಲೆ ಕಾಂಟ್ರಾಕ್ಟರ್ ಲೈಸೆನ್ಸ್ ಕಡೆ ನೋಡಲಿ. ಹೊಸ ಮನೆಗೆ ಕನೆಕ್ಷನ್ ಬೇಕಾದರೆ ಲೈಸೆನ್ಸ್ ಇರುವವರ ಸಹಿ ಬೇಕೇ ಬೇಕು. ಅದಿಲ್ಲದೆ ಎಷ್ಟು ಚೆನ್ನಾಗಿ ವೈರಿಂಗ್ ಮಾಡಿದರೂ ಬೇರೆಯವರ ಕೈಕೆಳಗೇ ಇರಬೇಕಾಗುತ್ತದೆ.

ಅವನಿಗೆ ಗಣಿತ, ಓದು ನಿಜವಾಗಿ ಇಷ್ಟ ಇದ್ದಿದ್ದರೆ ನಾನೇ ಪಿಯುಸಿಗೆ ಕಳಿಸಿ ಅನ್ನುತ್ತಿದ್ದೆ. ನೆಂಟರ ಬಾಯಿಗೆ ಹೆದರಿ ಸಾಲ ಮಾಡಿ ಓದಿಸುವುದು ಮಾತ್ರ ಬೇಡ, ಸಾಲ ತೀರಿಸುವಾಗ ಅವರು ಬರುವುದಿಲ್ಲ ಅಲ್ವಾ?

ಅರ್ಜಿ ಹಾಕುವ ಮೊದಲು ಅವನನ್ನು ಕರೆದುಕೊಂಡು ಹೋಗಿ ಐಟಿಐ ವರ್ಕ್‌ಶಾಪ್ ನೋಡಿ ಬನ್ನಿ. ಮೋಟಾರ್, ಪ್ಯಾನೆಲ್ ಬೋರ್ಡ್ ಬಿಚ್ಚಿ ಜೋಡಿಸಲು ಹುಡುಗರ ಕೈಗೆ ಕೊಡುತ್ತಾರಾ, ಬರೀ ಬೋರ್ಡ್ ಮೇಲೆ ಬರೆದು ಕಳಿಸುತ್ತಾರಾ ಅಂತ ಅಲ್ಲಿ ಓದುತ್ತಿರುವ ಹುಡುಗರನ್ನೇ ಕೇಳಿ.