ಗದಗಕ್ಕೆ ಕೆಲಸದ ಮೇಲೆ ಹೋಗ್ತಿದ್ದೀರಾ? ಒಂದು ಸಂಜೆ ಉಳಿಸಿಕೊಳ್ಳಿ

ಎರಡು ದಿನದ ಕೆಲಸಕ್ಕೆ ಗದಗಕ್ಕೆ ಹೋಗಬೇಕು, ಅಲ್ಲಿ ಯಾರೂ ಗೊತ್ತಿಲ್ಲ, ಊರು ಹೇಗಿದೆ ಅಂತ ಕೇಳಿದ್ದೀರಿ. ನಾನೂ ಹಾಗೇ ಹೋದವನು. ನನ್ನದು ಮೈಸೂರು. ತೂಕದ ಯಂತ್ರ ಕೂರಿಸುವ, ರಿಪೇರಿ ಮಾಡುವ ಕೆಲಸ. ಹೆಸರುಕಾಳಿನ ಸುಗ್ಗಿಯಲ್ಲಿ ಎಪಿಎಂಸಿಯ ಒಂದು ದಲಾಲಿ ಅಂಗಡಿಗೆ ಹೋಗಿದ್ದೆ.

ಮೊದಲು ಮನಸ್ಸಿಗೆ ಹಿಡಿಸಿದ್ದು ಅಲ್ಲಿನ ಮಾತು. ಹಮಾಲರಿಂದ ಹಿಡಿದು ಸಾವಕಾರರ ತನಕ ಎಲ್ಲರ ಮಾತಿನ ತುದಿಯಲ್ಲೂ ಒಂದು 'ರಿ' ಇರುತ್ತದೆ. ಯಂತ್ರದ ಮುಚ್ಚಳ ಬಿಚ್ಚುವ ಮೊದಲೇ "ಚಾ ಕುಡೀರಿ, ಆಮ್ಯಾಲ ನೋಡೂಣಂತ" ಅಂದರು. ಆ ದಿನ ಎಷ್ಟು ಸಲ ಚಹಾ ಬಂತೋ ಲೆಕ್ಕವಿಲ್ಲ.

ಮಧ್ಯಾಹ್ನ ಖಾನಾವಳಿಗೆ ಹೋದೆ. ಬಿಸಿ ಜೋಳದ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಮೊಸರು ಹಾಕಿ ಕಲಸಿದ ಶೇಂಗಾ ಚಟ್ನಿ, ಪಕ್ಕದಲ್ಲಿ ಹಸಿ ಮೆಂತ್ಯದ ಸೊಪ್ಪು, ಉಳ್ಳಾಗಡ್ಡಿ. ಎರಡು ರೊಟ್ಟಿಗೆ ಸಾಕು ಅಂದೆ. ಬಡಿಸುತ್ತಿದ್ದ ಅಮ್ಮ ಅಲ್ಲೇ ನಿಂತರು. "ಯಾವೂರ್ರಿ ನಿಮ್ದು?" ಮೈಸೂರು ಅಂದೆ. "ಅಷ್ಟು ದೂರದಿಂದ ಬಂದೀರಿ, ಎರಡ ರೊಟ್ಟಿ ತಿಂದ್ರ ಹೆಂಗ್ರಿ?" ಅಂದವರೇ ಮೂರನೆಯದನ್ನು ಹಾಕಿಬಿಟ್ಟರು. ಗೊತ್ತಿಲ್ಲದ ಊರಲ್ಲಿ ಅಷ್ಟು ಹಕ್ಕಿನಿಂದ ಬಡಿಸಿದ್ದು ನೆನೆಸಿಕೊಂಡರೆ ಈಗಲೂ ಹೊಟ್ಟೆ ತಣ್ಣಗಾಗುತ್ತದೆ.

ಸಂಜೆ ವೀರನಾರಾಯಣ ಗುಡಿಗೆ ಹೋದೆ. ಕುಮಾರವ್ಯಾಸ ಭಾರತ ಬರೆದದ್ದು ಇಲ್ಲೇ, ಈ ಕಂಬದ ಹತ್ತಿರ ಕೂತು ಅಂತ ಜನ ತೋರಿಸುತ್ತಾರೆ. ಶಾಲೆಯಲ್ಲಿ ಬಾಯಿಪಾಠ ಮಾಡಿದ್ದ ಷಟ್ಪದಿಯ ಎರಡು ಸಾಲು ತಾನಾಗೇ ನೆನಪಾಯಿತು.

ಆದರೆ ನಿಮಗೆ ನಾನು ಮುಖ್ಯವಾಗಿ ಹೇಳಬೇಕಾದದ್ದು ವೀರೇಶ್ವರ ಪುಣ್ಯಾಶ್ರಮದ ಬಗ್ಗೆ. ಆ ಆಶ್ರಮ ನಡೆಸಿದ ಸಂಗೀತಗಾರ ಪಂಚಾಕ್ಷರಿ ಗವಾಯಿಗಳಿಗೂ ಕಣ್ಣು ಕಾಣುತ್ತಿರಲಿಲ್ಲ, ಅವರ ನಂತರ ನಡೆಸಿದ ಶಿಷ್ಯ ಪುಟ್ಟರಾಜ ಗವಾಯಿಗಳಿಗೂ ಕಾಣುತ್ತಿರಲಿಲ್ಲ. ಬಸವರಾಜ ರಾಜಗುರು ಅವರಂಥ ಗಾಯಕರು ಕಲಿತದ್ದು ಪಂಚಾಕ್ಷರಿ ಗವಾಯಿಗಳ ಹತ್ತಿರ. ಪುಟ್ಟರಾಜರು 2010ರಲ್ಲಿ ತೀರಿಕೊಂಡರು. ಕಣ್ಣಿಲ್ಲದ ಮಕ್ಕಳಿಗೆ ಅನ್ನ ಹಾಕಿ ಸಂಗೀತ ಕಲಿಸುವುದು ಅಲ್ಲಿ ಇವತ್ತಿಗೂ ನಡೆದಿದೆ.

ನಾನು ಹೋದಾಗ ಒಂದು ಕಡೆಯಿಂದ ಹಾರ್ಮೋನಿಯಂ, ಇನ್ನೊಂದು ಕಡೆಯಿಂದ ಯಾರದೋ ಸ್ವರಾಭ್ಯಾಸ ಕೇಳುತ್ತಿತ್ತು. ಬಾಗಿಲ ಹತ್ತಿರ ಹತ್ತು ವರ್ಷದ ಹುಡುಗನೊಬ್ಬ ತಬಲಾ ಮುಂದೆ ಕೂತಿದ್ದ. ಮೊದಲು ಬಾಯಲ್ಲಿ "ಧಾ ಧಿಂ ಧಿಂ ಧಾ" ಅನ್ನುತ್ತಿದ್ದ, ಆಮೇಲೆ ಕೈಯಲ್ಲಿ ನುಡಿಸುತ್ತಿದ್ದ. ಒಂದೇ ಜಾಗದಲ್ಲಿ ಪದೇ ಪದೇ ತಪ್ಪುತ್ತಿತ್ತು. ಕಲಿಸುತ್ತಿದ್ದವರು ಗದರಲಿಲ್ಲ. ಅವನ ತೋರುಬೆರಳು ಹಿಡಿದು ತಬಲಾದ ಅಂಚಿನ ಮೇಲೆ ಸರಿಯಾಗಿ ಇಟ್ಟರು, ಮಣಿಕಟ್ಟನ್ನು ಒಂಚೂರು ಎತ್ತಿದರು. ನೋಡಿ ಕಲಿಯಲಾಗದ್ದನ್ನು ಮುಟ್ಟಿ ಕಲಿಸುತ್ತಿದ್ದರು. ಆರೇಳು ಸಲ ಆದಮೇಲೆ ಸರಿಯಾಗಿ ಬಂತು. ಹುಡುಗ ತಲೆ ಎತ್ತಿ ನಕ್ಕ. ನಾನು ಹೊರಗೆ ಸುಮ್ನೆ ನಿಂತಿದ್ದೆ, ಕಣ್ಣು ಒದ್ದೆಯಾಗಿತ್ತು.

ಲಕ್ಕುಂಡಿಯೂ ಹತ್ತಿರವೇ, ಸುಮಾರು 12 ಕಿ.ಮೀ. ಹಳೇ ಗುಡಿ, ಬಸದಿ, ಕಲ್ಲಿನ ಮೆಟ್ಟಿಲಬಾವಿ ಎಲ್ಲಾ ಇವೆ, ಅದಕ್ಕೆ ಅರ್ಧ ದಿನವಾದರೂ ಬೇಕು. ನಿಮಗೆ ಒಂದೇ ಸಂಜೆ ಬಿಡುವು ಸಿಕ್ಕರೆ ಲಕ್ಕುಂಡಿ ಮುಂದಿನ ಸಲಕ್ಕಿರಲಿ. ಆಶ್ರಮಕ್ಕೆ ಹೋಗಿ, ಚಪ್ಪಲಿ ಬಿಟ್ಟು, ಮಕ್ಕಳ ಅಭ್ಯಾಸಕ್ಕೆ ತೊಂದರೆ ಆಗದ ಹಾಗೆ ಒಂದು ಮೂಲೆಯಲ್ಲಿ ಅರ್ಧ ಗಂಟೆ ಕೂತು ಬನ್ನಿ.