ಸಿಸಿಟಿವಿ ಮಾನಿಟರ್‌ನಲ್ಲಿ ಉಳಿದ ಗೆರೆ: ಹೊಸದು ತರುವ ಮೊದಲು ಇಷ್ಟು ಮಾಡಿ

ಅಣ್ಣಾ, ನೀವು ಹಾಕಿದ ಮಾನಿಟರ್ ಫೋಟೋ ನೋಡಿದೆ. ಕೊಡಗಿನ ಸುಂಟಿಕೊಪ್ಪದ ತೋಟದ ಆಫೀಸಿನಲ್ಲಿ ಇರುವುದು ಒಂದೇ ಮಾನಿಟರ್, ಹಗಲು ರಾತ್ರಿ ಸಿಸಿಟಿವಿಯ ನಾಲ್ಕು ಚೌಕ. ಕೆಲಸದವರ ಲೆಕ್ಕಕ್ಕೆ ಎಕ್ಸೆಲ್ ತೆರೆದರೆ ಅದರ ಹಿಂದೆ ಆ ಚೌಕಗಳ ಗೆರೆ, ಕ್ಯಾಮೆರಾ ಹೆಸರು ಮಸುಕಾಗಿ ಕಾಣುತ್ತಿವೆ. ಅಂಗಡಿಯವರು ಪ್ಯಾನೆಲ್ (ಪರದೆ) ಸುಟ್ಟಿದೆ ಅಂದರಲ್ವಾ? ಸ್ವಲ್ಪ ತಡೆಯಿರಿ.

ಮೊದಲು ಎಕ್ಸೆಲ್ ತೆರೆದಿರುವಾಗಲೇ ಸ್ಕ್ರೀನ್‌ಶಾಟ್ ತೆಗೆದು ಫೋನಿಗೆ ಕಳಿಸಿ. ಫೋನಲ್ಲೂ ಗೆರೆ ಕಂಡರೆ ತೊಂದರೆ ಕಂಪ್ಯೂಟರಿನದು. ಕಾಣದಿದ್ದರೆ ಮಾನಿಟರಿನದು. ಮಳೆಗಾಲದಲ್ಲಿ ತೇವ ಒಳಗೆ ಹೋಗಿ ಅಂಚಿನಲ್ಲಿ ಮೋಡದ ಹಾಗೆ ಕಲೆ ಬರುವುದು ಬೇರೆ ವಿಷಯ, ಅದಕ್ಕೆ ಕೆಳಗಿನ ಉಪಾಯ ನಡೆಯುವುದಿಲ್ಲ.

ನಿಮ್ಮದು ಮಾಮೂಲಿ ಎಲ್‌ಸಿಡಿ ಆದರೆ, ಅಂಗಡಿಯಲ್ಲಿ ಎಲ್ಇಡಿ ಮಾನಿಟರ್ ಅಂತ ಮಾರುವುದೂ ಅದೇ, ಹೆಚ್ಚಾಗಿ ಇದು ತಾತ್ಕಾಲಿಕ. ಒಂದೇ ಚಿತ್ರ ತುಂಬಾ ಹೊತ್ತು ನಿಂತರೆ ಒಳಗಿನ ಲಿಕ್ವಿಡ್ ಕ್ರಿಸ್ಟಲ್ ಪದರದಲ್ಲಿ ಸ್ವಲ್ಪ ವಿದ್ಯುತ್ ಚಾರ್ಜ್ ಕೂತುಬಿಡುತ್ತದೆ. ಕ್ರಿಸ್ಟಲ್ ಪೂರ್ತಿ ತಿರುಗುವುದಿಲ್ಲ, ಹಳೆ ಚಿತ್ರದ ನೆರಳು ಉಳಿಯುತ್ತದೆ. ರಾತ್ರಿಯಿಡೀ ಆಫ್ ಮಾಡಿ. ಹೋಗದಿದ್ದರೆ ಪೂರ್ತಿ ಬಿಳಿ ಚಿತ್ರವನ್ನೋ ಬಣ್ಣ ಬದಲಾಗುವ ವಿಡಿಯೋವನ್ನೋ ಕೆಲವು ಗಂಟೆ ಓಡಿಸಿ. ವರ್ಷಗಟ್ಟಲೆ ನಿಂತ ಗೆರೆಯಾದರೆ ಪೂರ್ತಿ ಹೋಗದೆಯೂ ಇರಬಹುದು.

ಆದರೆ ಅಸಲಿ ಕೆಲಸ ಡಿವಿಆರ್‌ನದು, ಅಂದರೆ ಕ್ಯಾಮೆರಾ ದೃಶ್ಯ ರೆಕಾರ್ಡ್ ಮಾಡುವ ಪೆಟ್ಟಿಗೆಯದು. ರೆಕಾರ್ಡಿಂಗ್‌ಗೆ ಮಾನಿಟರ್ ಬೇಕಾಗಿಲ್ಲ! ಮಾನಿಟರ್ ಆಫ್ ಇದ್ದರೂ ಡಿವಿಆರ್ ಹಾರ್ಡ್ ಡಿಸ್ಕಿಗೆ ಬರೆಯುತ್ತಲೇ ಇರುತ್ತದೆ. ಯಾರೂ ನೋಡದ ಹೊತ್ತಿನಲ್ಲಿ ಮಾನಿಟರ್ ಸುಮ್ನೆ ಉರಿಯುವುದು ಯಾಕೆ? ನೋಡಲೇಬೇಕಾದರೆ ಡಿವಿಆರ್ ಮೆನುವಿನಲ್ಲಿ ಕ್ಯಾಮೆರಾಗಳು ಒಂದಾದ ಮೇಲೊಂದು ಬದಲಾಗುವ ಹಾಗೆ ಇಡಿ, ಬ್ರೈಟ್‌ನೆಸ್ ಇಳಿಸಿ. ಕೆಲವರು ಸ್ಕ್ರೀನ್‌ಸೇವರ್ (ಕಂಪ್ಯೂಟರ್ ಸುಮ್ಮನಿದ್ದಾಗ ಓಡುವ ಚಿತ್ರ) ಹಾಕಿ ಅನ್ನುತ್ತಾರೆ. ಅದು ಹಳೆಯ ದಪ್ಪ ಸಿಆರ್‌ಟಿ ಮಾನಿಟರ್ ಕಾಲದ ಮದ್ದು. ಈಗ 5 ನಿಮಿಷಕ್ಕೆ ಸ್ಕ್ರೀನ್ ಆಫ್ ಆಗುವಂತೆ ಇಟ್ಟರೆ ಅದಕ್ಕಿಂತ ಒಳ್ಳೆಯದು, ಕರೆಂಟೂ ಉಳಿಯುತ್ತದೆ.

ಹೊಸದು ತಗೊಳ್ಳುವುದಾದರೆ ಈ ಕೆಲಸಕ್ಕೆ ಓಎಲ್ಇಡಿ ಬೇಡ. ಅದರಲ್ಲಿ ಪ್ರತಿ ಪಿಕ್ಸೆಲ್ ತಾನೇ ಬೆಳಗುತ್ತದೆ, ಚಪ್ಪಲಿಯ ಹಾಗೆ ಜಾಸ್ತಿ ಬಳಸಿದ ಜಾಗ ಬೇಗ ಸವೆಯುತ್ತದೆ. ಸವೆದದ್ದು ವಾಪಸ್ ಬರುವುದಿಲ್ಲ. ಮನೆಯಲ್ಲಿ ಈಗಾಗಲೇ ಓಎಲ್ಇಡಿ ಇರುವವರು ಒಂದು ಗಮನಿಸಿ. ಕೆಲವು ಗಂಟೆ ಬಳಸಿ ರಿಮೋಟಿನಲ್ಲೋ ಬಟನ್‌ನಲ್ಲೋ ಆಫ್ ಮಾಡಿದ ಮೇಲೆ ಅದು ಸ್ಟ್ಯಾಂಡ್‌ಬೈನಲ್ಲಿ ತಾನೇ ಪಿಕ್ಸೆಲ್ ಸರಿಪಡಿಸಿಕೊಳ್ಳುತ್ತದೆ. ನಮ್ಮಲ್ಲಿ ಏಪ್ರಿಲ್-ಮೇ ಗುಡುಗಿಗೆ ಹೆದರಿ ತಕ್ಷಣ ಗೋಡೆಯ ಸ್ವಿಚ್ ಒತ್ತುತ್ತೇವೆ, ಅದಕ್ಕೆ ಅವಕಾಶವೇ ಸಿಗುವುದಿಲ್ಲ. ಮಿಂಚಿದ್ದರೆ ಪ್ಲಗ್ ಕೀಳಿ, ಅದು ಮುಖ್ಯ. ಆಕಾಶ ತಿಳಿಯಾಗಿದ್ದ ದಿನ ಸ್ವಲ್ಪ ಹೊತ್ತು ಗೋಡೆಯ ಸ್ವಿಚ್ ಆನ್‌ನಲ್ಲೇ ಬಿಟ್ಟಿರಿ.

ಮಾನಿಟರ್ ಹಿಂದಿನ ಸ್ಟಿಕ್ಕರ್‌ನಲ್ಲಿರುವ ಮಾಡೆಲ್ ನಂಬರ್ ಇಲ್ಲಿ ಹಾಕಿ ಅಣ್ಣಾ, ಯಾವ ಪ್ಯಾನೆಲ್ ಅಂತ ನೋಡಿ ಹೇಳುತ್ತೇನೆ. ಬಿಲ್ ಇದ್ದರೆ ವಾರಂಟಿ ತಾರೀಖೂ ನೋಡಿಬಿಡಿ.