ಹಳೆ ಟ್ರೆಂಚ್ ಕೋಟು ಕೊಳ್ಳುವ ಮುಂಚೆ ಒಳಮಗ್ಗುಲು ತಿರುಗಿಸಿ ನೋಡಿ

ಪ್ರಶ್ನೆ: ಮೇಡಂ, ಬೆಲ್ಟು ಕಟ್ಟುವ ಉದ್ದನೆಯ ಟ್ರೆಂಚ್ ಕೋಟು ಅಂದರೆ ನನಗೆ ಕಾಲೇಜು ದಿನಗಳಿಂದ ಆಸೆ. ಹೊಸ ಬರ್ಬೆರಿ ಕೋಟಿನ ಬೆಲೆ ಎರಡು ಲಕ್ಷ ದಾಟುತ್ತದೆ ಅಂತ ತಿಳಿದ ಮೇಲೆ ಸುಮ್ಮನಾಗಿದ್ದೆ. ಈಗ ಬೆಂಗಳೂರಿನ ಒಬ್ಬರು ಹಳೆಯದೊಂದನ್ನು 22 ಸಾವಿರಕ್ಕೆ ಆನ್‌ಲೈನ್‌ನಲ್ಲಿ ಮಾರಾಟಕ್ಕೆ ಹಾಕಿದ್ದಾರೆ. ಆದರೆ ಲೇಬಲ್‌ನಲ್ಲಿ ‘ಬರ್ಬೆರೀಸ್’ ಅಂತ ಕೊನೆಗೆ ಒಂದು ‘ಸ್’ ಜಾಸ್ತಿ ಇದೆ. ನಕಲಿ ಇರಬಹುದಾ? ಅಸಲಿಯಾದರೆ ನಮ್ಮ ಮಳೆಗೆ ತಡೆಯುತ್ತದಾ?
– ಓದುಗರು, ಮಡಿಕೇರಿ

ಉತ್ತರ: ಆ ‘ಸ್’ ಕಂಡು ಹೆದರಬೇಡಿ. ಅದು ಒಳ್ಳೆಯ ಲಕ್ಷಣವೇ. ಥಾಮಸ್ ಬರ್ಬೆರಿ 1856ರಲ್ಲಿ ಇಂಗ್ಲೆಂಡಿನ ಬೇಸಿಂಗ್‌ಸ್ಟೋಕ್‌ನಲ್ಲಿ ಅಂಗಡಿ ತೆರೆದವರು. ಮುಂದೆ ಬಹಳ ವರ್ಷ ಆ ಕಂಪನಿಯ ಬಟ್ಟೆಗಳ ಮೇಲೆ ‘ಬರ್ಬೆರೀಸ್’ ಅಂತಲೇ ಹೆಸರಿತ್ತು. ಕೊನೆಯ ಅಕ್ಷರ ಬಿಟ್ಟು ‘ಬರ್ಬೆರಿ’ ಮಾಡಿದ್ದು 1999ರಲ್ಲಿ. ಅಂದರೆ ನೀವು ನೋಡಿದ ಕೋಟು ಅಸಲಿಯಾದರೆ ಅದಕ್ಕೆ 25 ವರ್ಷಕ್ಕಿಂತ ಜಾಸ್ತಿ ವಯಸ್ಸು.

ಆದರೆ ಲೇಬಲ್ ನೋಡಿ ದುಡ್ಡು ಕೊಡಬೇಡಿ. ಲೇಬಲ್ ಅಂದರೆ ಒಂದು ತುಂಡು ಬಟ್ಟೆ, ಅಷ್ಟೇ. ಅದನ್ನು ಬಿಚ್ಚಿ ಬೇರೆ ಕೋಟಿಗೆ ಹೊಲಿಯಲು ಹತ್ತು ನಿಮಿಷ ಸಾಕು. ನಾನು ಹಳೆ ಕೋಟು ಕೈಗೆತ್ತಿಕೊಂಡರೆ ಮೊದಲು ಅದರ ಒಳಮಗ್ಗುಲು ತಿರುಗಿಸುತ್ತೇನೆ. ನೀವೂ ಮಾರುವವರ ಹತ್ತಿರ ಒಳಗಿನ ಫೋಟೋಗಳನ್ನೇ ಕೇಳಿ. ಒಂಟೆ ಬಣ್ಣದ ಮೇಲೆ ಕಪ್ಪು, ಬಿಳಿ, ಕೆಂಪು ಗೆರೆಗಳ ಚೌಕಳಿ ಲೈನಿಂಗ್ ಇರುತ್ತದಲ್ಲ, ಅಸಲಿ ಕೋಟಿನಲ್ಲಿ ಆ ಚೌಕಳಿಯನ್ನು ನೂಲಿನಲ್ಲೇ ನೇಯ್ದಿರುತ್ತಾರೆ. ಲೈನಿಂಗ್‌ನ ಹಿಂಬದಿಯಲ್ಲೂ ಅದೇ ಬಣ್ಣ ಕಾಣಬೇಕು. ಹಿಂದುಗಡೆ ಬಿಳಿಚಿಕೊಂಡಿದ್ದರೆ ಅದು ಮೇಲಿನಿಂದ ಅಚ್ಚು ಹಾಕಿದ್ದು, ಬಿಟ್ಟುಬಿಡಿ. ಬೆನ್ನಿನ ನಡು ಹೊಲಿಗೆಯಲ್ಲಿ ಗೆರೆಗೆ ಗೆರೆ ಕೂಡಿದೆಯಾ ನೋಡಿ. ಕಾಲರ್ ಎತ್ತಿ ಅದರ ಅಡಿ ನೋಡಿ. ಒಳ್ಳೆ ಟ್ರೆಂಚ್ ಕೋಟಿನಲ್ಲಿ ಅಲ್ಲಿ ಸಾಲು ಸಾಲಾಗಿ ಒತ್ತು ಹೊಲಿಗೆ ಇರುತ್ತದೆ. ಕಾಲರ್ ಕುತ್ತಿಗೆಗೆ ಸರಿಯಾಗಿ ನಿಲ್ಲುವುದು ಆ ಹೊಲಿಗೆಯಿಂದಲೇ. ನಕಲಿ ಮಾಡುವವರು ಈ ಶ್ರಮಕ್ಕೆ ಹೋಗುವುದು ಕಮ್ಮಿ.

ಇನ್ನು ಹೊರಗಿನ ಬಟ್ಟೆ. ಅದಕ್ಕೆ ಗ್ಯಾಬರ್ಡಿನ್ ಅಂತ ಹೆಸರು. ಅದರ ಕಥೆ ನನಗೆ ತುಂಬಾ ಇಷ್ಟ. ಅದಕ್ಕೂ ಮೊದಲು ಮಳೆ ಕೋಟು ಅಂದರೆ ಮ್ಯಾಕಿಂಟಾಶ್. ಬಟ್ಟೆಗೆ ರಬ್ಬರ್ ಹಚ್ಚಿ ಮಾಡಿದ್ದು, 1823ರಿಂದ ಬಂದದ್ದು. ನೀರು ಒಳಗೆ ಬರುತ್ತಿರಲಿಲ್ಲ, ಬೆವರು ಹೊರಗೆ ಹೋಗುತ್ತಿರಲಿಲ್ಲ. ಬರ್ಬೆರಿ 1879ರಲ್ಲಿ ಬೇರೆ ದಾರಿ ಹಿಡಿದರು. ಮೊದಲು ನೂಲಿಗೇ ನೀರು ಹಿಡಿಯದ ಹಾಗೆ ಮದ್ದು ಕೊಟ್ಟು, ಆಮೇಲೆ ಅದನ್ನು ತುಂಬಾ ಒತ್ತಾಗಿ ನೇಯ್ದರು. ರಬ್ಬರ್ ಬೇಡವಾಯಿತು, ಬಟ್ಟೆ ಉಸಿರಾಡಿತು. 1888ರಲ್ಲಿ ಅದಕ್ಕೆ ಪೇಟೆಂಟ್ ಪಡೆದರು. ಹತ್ತಿರದಿಂದ ನೋಡಿದರೆ ಗ್ಯಾಬರ್ಡಿನ್ ಮೇಲೆ ಸಣ್ಣ ಸಣ್ಣ ಓರೆ ಗೆರೆಗಳು ಕಾಣುತ್ತವೆ. ಆ ಓರೆ ಗೆರೆಯ ಒಂದು ಫೋಟೋ ಹತ್ತಿರದಿಂದ ತೆಗೆಸಿಕೊಳ್ಳಿ.

ಈಗ ನಮ್ಮ ಮಳೆಯ ಮಾತು. ನೇರವಾಗಿ ಹೇಳುತ್ತೇನೆ, ಕಕ್ಕಡದ, ಅಂದರೆ ಜುಲೈ, ಆಗಸ್ಟ್ ಹೊತ್ತಿನ ಮಳೆಗೆ ಈ ಕೋಟು ಆಗುವುದಿಲ್ಲ. ಲಂಡನ್ನಿನಲ್ಲಿ ಇಡೀ ವರ್ಷಕ್ಕೆ ಬೀಳುವ ಮಳೆ ಸುಮಾರು 600 ಮಿ.ಮೀ. ಮಡಿಕೇರಿಯಲ್ಲಿ 3,000 ಮಿ.ಮೀ. ದಾಟುತ್ತದೆ. ಇಂಗ್ಲೆಂಡಿನ ತುಂತುರಿಗೆ ಹುಟ್ಟಿದ ಬಟ್ಟೆ ಇದು. ಜೊತೆಗೆ 25 ವರ್ಷದಲ್ಲಿ ನೂಲಿನ ಮದ್ದು ಸಾಕಷ್ಟು ಹೋಗಿರುತ್ತದೆ. ಒಂದು ಹನಿ ನೀರು ಹಾಕಿದಾಗ ಮಣಿಯ ಹಾಗೆ ನಿಂತರೆ ಇನ್ನೂ ಸ್ವಲ್ಪ ಉಳಿದಿದೆ ಅಂತ ಅರ್ಥ. ತಕ್ಷಣ ಹೀರಿಕೊಂಡರೆ ಉಳಿದಿಲ್ಲ. ಹೊಸದಾಗಿ ಮದ್ದು ಹಾಕಿಸಬಹುದು, ಆದರೂ ಜುಲೈ ತಿಂಗಳಲ್ಲಿ ತೋಟಕ್ಕೆ ಹೋಗಲು ನಿಮಗೆ ಬೇಕಾದ್ದು ಪ್ಲಾಸ್ಟಿಕ್ ರೈನ್‌ಕೋಟೇ. ನಮ್ಮ ಹಿರಿಯರು ಕಂಬಳಿ ಕೊಪ್ಪೆ ಹಾಕಿಕೊಂಡು ಗದ್ದೆಗೆ ಇಳಿಯುತ್ತಿದ್ದದ್ದು ಸುಮ್ಮನೆ ಅಲ್ಲ. ಟ್ರೆಂಚ್ ಕೋಟಿನ ಕಾಲ ನಮ್ಮಲ್ಲಿ ಬೇರೆ. ಹುತ್ತರಿ ಹೊತ್ತಿನ ಚಳಿ, ಡಿಸೆಂಬರ್, ಜನವರಿಯ ಮಂಜು, ರಾಜಾಸೀಟಿನ ಸಂಜೆ ಗಾಳಿ. ಅದಕ್ಕೆ ಇದಕ್ಕಿಂತ ಚೆಂದದ ಉಡುಪು ನನಗೆ ಗೊತ್ತಿಲ್ಲ.

ಇನ್ನೊಂದು ಮಾತು. ಒಳಗಿನ ಚಿಕ್ಕ ಪಟ್ಟಿಯಲ್ಲಿ ಬಟ್ಟೆ ಯಾವುದು ಅಂತ ಬರೆದಿರುತ್ತದೆ. ಪೂರ್ತಿ ಹತ್ತಿಯ ಕೋಟಿಗೆ ಸಂಗ್ರಹ ಮಾಡುವವರು ಜಾಸ್ತಿ ಕೊಡುತ್ತಾರೆ. ಹಳೆ ಕೋಟುಗಳಲ್ಲಿ ಹತ್ತಿ, ಪಾಲಿಯೆಸ್ಟರ್ ಬೆರಕೆಯವೂ ತುಂಬಾ ಸಿಗುತ್ತವೆ, ಅಗ್ಗವೂ ಹೌದು. ಕೊಡಗಿನಲ್ಲಿ ಹಾಕಿಕೊಳ್ಳಲು ನಾನು ಬೆರಕೆಯದನ್ನೇ ಆರಿಸುತ್ತೇನೆ. ಬೇಗ ಒಣಗುತ್ತದೆ, ಬೂಷ್ಟು ಹಿಡಿಯುವುದು ಕಮ್ಮಿ. ಬರ್ಬೆರಿ ಹೆಸರಿಗೇ ಅಂಟಿಕೊಳ್ಳಬೇಕು ಅಂತಲೂ ಇಲ್ಲ. ಅಕ್ವಾಸ್ಕ್ಯೂಟಮ್ ಅಂತ ಲಂಡನ್ನಿನ ಇನ್ನೊಂದು ಹಳೆ ಹೆಸರಿದೆ, 1851ರದು. ಲ್ಯಾಟಿನ್‌ನಲ್ಲಿ ಆ ಹೆಸರಿಗೆ ನೀರಿನ ಗುರಾಣಿ ಅಂತ ಅರ್ಥ. ಹೊಲಿಗೆಯಲ್ಲಿ ಯಾರಿಗೂ ಕಡಿಮೆ ಇಲ್ಲ, ಹೆಸರು ಇಲ್ಲಿ ಕಮ್ಮಿ ಜನಕ್ಕೆ ಗೊತ್ತಿರುವುದರಿಂದ ಬೆಲೆಯೂ ಇಳಿದಿರುತ್ತದೆ.

ನಿಮ್ಮ 22 ಸಾವಿರದ ಕೋಟಿನ ಲೈನಿಂಗ್, ಕಾಲರ್, ಬಟ್ಟೆ ಮೂರೂ ಸರಿ ಇದ್ದರೆ ಬೆಲೆ ಹೆಚ್ಚಲ್ಲ. ಕೈಯಲ್ಲಿ ಮುಟ್ಟಿ ನೋಡದೆ ಮಾತ್ರ ಪೂರ್ತಿ ಹಣ ಹಾಕಬೇಡಿ. ಬೆಂಗಳೂರಿಗೆ ಒಂದು ಬಸ್ಸು ಹತ್ತಿ ಹೋಗಿ ಬನ್ನಿ. ಬಾಗಿಲ ಬೆಳಕಿಗೆ ಹಿಡಿದು ಸೂಜಿ ತೂತುಗಳಿವೆಯಾ ನೋಡಿ. ಕಂಕುಳು, ಕೈತುದಿ, ಜೇಬಿನ ಅಂಚು ಸವೆದಿದೆಯಾ ನೋಡಿ. ಬೆಲ್ಟಿನ ಬಕಲ್‌ಗೆ ಚರ್ಮ ಸುತ್ತಿರುತ್ತಾರೆ, ಅದು ಬಿರಿದಿದ್ದರೆ ಚೌಕಾಸಿ ಮಾಡಿ. ಆಮೇಲೆ ಮೂಸಿ ನೋಡಿ. ಸಂಕೋಚ ಬೇಡ, ಹಳೆ ಬಟ್ಟೆಯ ಸತ್ಯ ಮೂಗಿಗೆ ಬೇಗ ಗೊತ್ತಾಗುತ್ತದೆ.

ಪ್ರಶ್ನೆ: ನನ್ನ ತಮ್ಮ ಲಂಡನ್ನಿನಲ್ಲಿದ್ದಾನೆ. ಅಲ್ಲಿನ ಚಾರಿಟಿ ಅಂಗಡಿಗಳಲ್ಲಿ ಇಂಥ ಕೋಟು ಕಮ್ಮಿಗೆ ಸಿಗುತ್ತದಂತೆ. ಪಾರ್ಸೆಲ್ ಹಾಕಲು ಹೇಳಲಾ? ಅಳತೆ ಹೇಗೆ ಕೊಡಲಿ?
– ಓದುಗರು, ಸೋಮವಾರಪೇಟೆ

ಉತ್ತರ: ಪಾರ್ಸೆಲ್ ಬೇಡ. ಬಳಸಿದ ಬಟ್ಟೆಯನ್ನು ಹೊರದೇಶದಿಂದ ತರಿಸಲು ನಮ್ಮಲ್ಲಿ ನಿರ್ಬಂಧ ಇದೆ, ಪರವಾನಗಿ ಬೇಕು. ಉಡುಗೊರೆ ಅಂತ ಬರೆದು ಸುಂಕ ಇಲ್ಲದೆ ತರಿಸುವ ದಾರಿಯೂ 2019ರ ಡಿಸೆಂಬರ್‌ನಲ್ಲಿ ಮುಚ್ಚಿತು. ರಾಖಿ, ಜೀವ ಉಳಿಸುವ ಔಷಧಿ ಬಿಟ್ಟರೆ ಉಳಿದದ್ದಕ್ಕೆ ಆ ವಿನಾಯಿತಿ ಇಲ್ಲ. ಕೋಟು ಕಸ್ಟಮ್ಸ್‌ನಲ್ಲಿ ಸಿಕ್ಕಿಹಾಕಿಕೊಂಡರೆ ಅದರ ಹಿಂದೆ ಓಡಾಡುವ ಖರ್ಚೇ ಜಾಸ್ತಿ. ತಮ್ಮ ಊರಿಗೆ ಬರುವಾಗ ತನ್ನ ಬಟ್ಟೆಗಳ ಜೊತೆ ತಾನೇ ಹಾಕಿಕೊಂಡು ಬರಲಿ.

ಅಳತೆಗೆ ಲೇಬಲ್‌ನ ನಂಬರ್ ನಂಬಬೇಡಿ. ಹಳೆ ಟ್ರೆಂಚ್ ಕೋಟುಗಳನ್ನು ಸೂಟಿನ ಮೇಲೆ, ದಪ್ಪ ಸ್ವೆಟರ್ ಮೇಲೆ ಹಾಕಲು ಹೊಲಿಯುತ್ತಿದ್ದರು, ದೊಗಲೆ ಇರುತ್ತವೆ. ಕೋಟನ್ನು ನೆಲದ ಮೇಲೆ ಹರಡಿ, ಗುಂಡಿ ಹಾಕಿ, ಒಂದು ಕಂಕುಳಿಂದ ಇನ್ನೊಂದು ಕಂಕುಳಿನವರೆಗೆ ಟೇಪು ಹಿಡಿಯಲು ತಮ್ಮನಿಗೆ ಹೇಳಿ. ಅದರ ಎರಡರಷ್ಟು ನಿಮ್ಮ ಎದೆ ಸುತ್ತಳತೆಗಿಂತ ಐದಾರು ಇಂಚು ಜಾಸ್ತಿ ಇದ್ದರೆ ಸಾಕು. ಭುಜ ಮಾತ್ರ ಸರಿಯಾಗಿಯೇ ಬೇಕು. ಉದ್ದ ಕಮ್ಮಿ ಮಾಡಿಸಬಹುದು, ಸೊಂಟ ಬೆಲ್ಟಿನಲ್ಲಿ ಕೂರುತ್ತದೆ, ಆದರೆ ಭುಜ ಬಿಚ್ಚಿ ಹೊಲಿಯಲು ಒಳ್ಳೆ ಟೈಲರ್‌ಗಳೂ ಹಿಂದೆ ಮುಂದೆ ನೋಡುತ್ತಾರೆ. ಕುತ್ತಿಗೆಯಿಂದಲೇ ಓರೆಯಾಗಿ ಇಳಿಯುವ ರಾಗ್ಲನ್ ತೋಳಿನ ಕೋಟು ಸಿಕ್ಕರೆ ಈ ತಲೆನೋವೇ ಇಲ್ಲ.

ನಿಮ್ಮದು ಸಣ್ಣ ಮೈಕಟ್ಟಾದರೆ ಒಂದು ಗುಟ್ಟು ಹೇಳುತ್ತೇನೆ. ಜಪಾನಿನಲ್ಲಿ 2015ರವರೆಗೆ ಸಾನ್ಯೋ ಶೋಕಾಯ್ ಎಂಬ ಕಂಪನಿ ಪರವಾನಗಿ ಪಡೆದು ಬರ್ಬೆರಿ ಬಟ್ಟೆ ಮಾಡುತ್ತಿತ್ತು. ಅದರಲ್ಲಿ ‘ಬ್ಲೂ ಲೇಬಲ್’ ಅಂತ ಹೆಣ್ಣುಮಕ್ಕಳ ಕೋಟುಗಳಿದ್ದವು. ಅವು ನಕಲಿ ಅಲ್ಲ. ಅಳತೆ ಚಿಕ್ಕದು, ನಮ್ಮವರಿಗೆ ಚೆನ್ನಾಗಿ ಕೂರುತ್ತದೆ. ಇಂಗ್ಲೆಂಡಿನ ಕೋಟಿನ ಬೆಲೆ ಅದಕ್ಕೆ ಕೊಡಬೇಡಿ ಅಷ್ಟೇ.

ಪ್ರಶ್ನೆ: ನಮ್ಮ ಅಜ್ಜ ಸೈನ್ಯದಲ್ಲಿದ್ದರು. ಅಟ್ಟದ ಟ್ರಂಕಿನಲ್ಲಿ ಅವರ ಭಾರದ ಉಣ್ಣೆ ಕೋಟು ಸಿಕ್ಕಿದೆ. ಇದು ಟ್ರೆಂಚ್ ಕೋಟಾ? ಒಳ್ಳೆ ಬೆಲೆ ಬರುತ್ತದೆ, ಮಾರು ಅಂತ ಗೆಳೆಯರು ಹೇಳುತ್ತಾರೆ.
– ಓದುಗರು, ವಿರಾಜಪೇಟೆ

ಉತ್ತರ: ಉಣ್ಣೆಯದು, ಭಾರ ಇದೆ ಅಂದರೆ ಅದು ಗ್ರೇಟ್‌ಕೋಟ್. ಸೈನಿಕರಿಗೆ ಸರ್ಕಾರ ಕೊಡುತ್ತಿದ್ದದ್ದು ಅದನ್ನೇ. ಮೊದಲ ಮಹಾಯುದ್ಧದಲ್ಲಿ ಕಂದಕಗಳ ಕೆಸರಿನಲ್ಲಿ ನೆನೆದ ಗ್ರೇಟ್‌ಕೋಟ್ ಹೊರಲಾರದಷ್ಟು ಭಾರವಾಗುತ್ತಿತ್ತು. ಹಗುರ ಗ್ಯಾಬರ್ಡಿನ್ ಕೋಟಿಗೆ ‘ಟ್ರೆಂಚ್’ ಅಂತ ಹೆಸರು ಬಂದದ್ದು ಅದೇ ಕಂದಕಗಳಿಂದ. ಅದನ್ನು ಹಾಕುತ್ತಿದ್ದವರು ಬ್ರಿಟಿಷ್ ಅಧಿಕಾರಿಗಳು, ಅದೂ ಸ್ವಂತ ದುಡ್ಡಿನಲ್ಲಿ ಕೊಂಡು. ಭುಜದ ಮೇಲಿನ ಪಟ್ಟಿ ಹುದ್ದೆಯ ಗುರುತಿಗೆ. ಬೆಲ್ಟಿನ ಲೋಹದ ಬಳೆ ಸಾಮಾನು ನೇತುಹಾಕಲು. ಅದು ಗ್ರೆನೇಡ್ ತೂಗಿಸಲು ಅಂತ ಮಾರುವವರು ಹೇಳುತ್ತಾರೆ, ನಂಬಬೇಡಿ.

ಅಜ್ಜನ ಕೋಟನ್ನು ದಯವಿಟ್ಟು ಮಾರಬೇಡಿ. ಕಾರ್ಯಪ್ಪ, ತಿಮ್ಮಯ್ಯ ಅವರಂಥವರನ್ನು ಕೊಟ್ಟ ನಾಡು ನಮ್ಮದು. ಆದರೆ ಸಾಮಾನ್ಯ ಸೈನಿಕರ ಬಟ್ಟೆಗಳು ಎಷ್ಟೋ ಅಟ್ಟಗಳಲ್ಲಿ ನುಸಿ ತಿಂದು ಹೋಗಿವೆ. ಒಗೆಯಬೇಡಿ. ಬಿಸಿಲಿಗೆ ಹಿಡಿದು ಮೆತ್ತಗಿನ ಬ್ರಷ್‌ನಲ್ಲಿ ಉಜ್ಜಿ. ಒಳಜೇಬು ನೋಡಿ, ಇಂಕಿನಲ್ಲಿ ಹೆಸರು, ನಂಬರ್ ಅಥವಾ ಬಾಣದ ಗುರುತು ಇರಬಹುದು. ಬ್ರಿಟಿಷ್ ಸರ್ಕಾರದ ಸಾಮಾನಿಗೆ ಬಾಣದ ಮುದ್ರೆ ಹಾಕುತ್ತಿದ್ದರು. ಅದರ ಫೋಟೋ ತೆಗೆದು, ಅಜ್ಜನ ಬಗ್ಗೆ ಮನೆಯವರಿಗೆ ನೆನಪಿರುವುದನ್ನೆಲ್ಲ ಬರೆದಿಡಿ. ಒಮ್ಮೆ ಮಡಿಕೇರಿಯ ಜನರಲ್ ತಿಮ್ಮಯ್ಯ ಮ್ಯೂಸಿಯಂನಲ್ಲೂ ವಿಚಾರಿಸಿ.

ಪ್ರಶ್ನೆ: ಕಳೆದ ವರ್ಷ ದುಬಾರಿ ಹಳೆ ಕೋಟು ಕೊಂಡೆ. ಮಳೆಗಾಲ ಮುಗಿಯುವಷ್ಟರಲ್ಲಿ ಒಳಗೆಲ್ಲ ಅಂಟು ಅಂಟಾಗಿದೆ, ಕಾಲರ್ ಮೇಲೆ ಕಪ್ಪು ಚುಕ್ಕೆ. ಸರಿ ಮಾಡಬಹುದಾ?
– ಓದುಗರು, ಗೋಣಿಕೊಪ್ಪ

ಉತ್ತರ: ನಿಮ್ಮ ಬೇಸರ ನನಗೆ ಚೆನ್ನಾಗಿ ಅರ್ಥವಾಗುತ್ತದೆ. ನನಗೂ ಹೀಗೇ ಆಗಿದೆ. ದೂರದ ಊರಿನ ಒಂದು ಅಂಗಡಿಯಿಂದ ತಂದ ಕೋಟು, ಕಣ್ಣಿಗೆ ಹೊಸದರ ಹಾಗೆ ಇತ್ತು. ಒಂದೇ ಕಕ್ಕಡದಲ್ಲಿ ಒಳಪದರ ಸುಲಿದು ಬಂತು. ಮಾರಿದವರು ಫೋನ್ ಎತ್ತಲಿಲ್ಲ.

ಒಳಗೆ ಪಾಲಿಯುರೆಥೇನ್ ಲೇಪ ಇರುವ ಕೋಟುಗಳ ಕಥೆ ಇದು. ಗಾಳಿಯ ತೇವ ಆ ಲೇಪವನ್ನು ವರ್ಷಗಟ್ಟಲೆ ಒಳಗಿಂದ ಒಡೆಯುತ್ತಾ ಬರುತ್ತದೆ. ಒಂದು ದಿನ ಅಂಟಾಗುತ್ತದೆ, ಆಮೇಲೆ ಹುಡಿ ಉದುರುತ್ತದೆ. ಅದಕ್ಕೆ ಮದ್ದಿಲ್ಲ. ಹಳೆ ರಬ್ಬರ್ ಮ್ಯಾಕಿಂಟಾಶ್‌ಗೂ ಇದೇ ಪಾಡು. ಹಾಗಾಗಿ ಲೇಪದ ಹಳೆ ಕೋಟನ್ನು, ಎಷ್ಟೇ ದೊಡ್ಡ ಡಿಸೈನರ್ ಹೆಸರಿರಲಿ, ಕೊಡಗಿಗೆ ತರಲೇಬೇಡಿ. ಕೊಳ್ಳುವಾಗ ಒಳಗೆ ಹೆಬ್ಬೆರಳಿನಿಂದ ಗಟ್ಟಿಯಾಗಿ ಉಜ್ಜಿ. ಅಂಟಿದರೆ, ಹುಡಿ ಬಂದರೆ ಅಲ್ಲೇ ಬಿಟ್ಟು ಬನ್ನಿ.

ಬೂಷ್ಟಿನ ವಿಷಯ ಬೇರೆ. ಮೇಲೆ ಬಿಳಿಯಾಗಿ ಕೂತದ್ದಾದರೆ ಮನೆಯ ಹೊರಗೆ ಒಣ ಬ್ರಷ್‌ನಲ್ಲಿ ಉಜ್ಜಿ, ಒಳ್ಳೆ ಬಿಸಿಲು ತೋರಿಸಿ, ಆಮೇಲೆ ಡ್ರೈ ಕ್ಲೀನ್‌ಗೆ ಕೊಡಿ. ಕಪ್ಪು ಚುಕ್ಕೆ ಅಂದರೆ ಬೂಷ್ಟು ನೂಲಿನೊಳಗೆ ಇಳಿದಿದೆ. ಅದು ಪೂರ್ತಿ ಹೋಗುವುದಿಲ್ಲ. ಬ್ಲೀಚ್ ಹಾಕಿದರೆ ಚುಕ್ಕೆಗಿಂತ ಮೊದಲು ಬಟ್ಟೆಯ ಬಣ್ಣ ಹೋಗುತ್ತದೆ.

ಇನ್ನೊಂದು ಕೋಟು ಕೊಂಡರೆ ಇಡುವ ಜಾಗ ಮೊದಲೇ ಸರಿ ಮಾಡಿಕೊಳ್ಳಿ. ಡ್ರೈ ಕ್ಲೀನ್ ಅಂಗಡಿಯ ಪ್ಲಾಸ್ಟಿಕ್ ಕವರ್ ತೆಗೆದು ಬಿಸಾಕಿ, ಅದರೊಳಗೆ ತೇವ ನಿಲ್ಲುತ್ತದೆ. ಅಗಲ ಹ್ಯಾಂಗರ್, ಮೇಲೆ ಹಳೆ ಹತ್ತಿ ಪಂಚೆ. ಮಳೆ ಹೊಡೆಯುವ ಗೋಡೆಗೆ ಬೀರು ತಾಗಿಸಬೇಡಿ. ನಮ್ಮ ಕಡೆ ಬೀರುವಿನೊಳಗೆ ಸಣ್ಣ ಬಲ್ಬ್ ಉರಿಸಿ ಇಡುತ್ತಾರಲ್ಲ, ಅದು ಒಳ್ಳೆಯದೇ, ಆದರೆ ಬಟ್ಟೆಯಿಂದ ದೂರ ಇರಲಿ, ಮನೆಯಲ್ಲಿ ಯಾರಾದರೂ ಇದ್ದಾಗ ಮಾತ್ರ ಹಾಕಿ. ಒದ್ದೆ ಕೋಟನ್ನು ಒಲೆಯ ಮೇಲೆ ಒಣಗಿಸಬೇಡಿ. ಹೊಗೆ ವಾಸನೆ ಗ್ಯಾಬರ್ಡಿನ್‌ನಿಂದ ಸುಲಭಕ್ಕೆ ಹೋಗುವುದಿಲ್ಲ. ಮತ್ತೆ, ಮಳೆಗಾಲದಲ್ಲಿ ಹಳೆ ಕೋಟು ಮನೆಗೆ ತರಬೇಡಿ. ಮಳೆ ಬಿಟ್ಟ ಮೇಲೆ ನವೆಂಬರ್‌ನಲ್ಲಿ ಕೊಂಡರೆ, ಬಿಸಿಲು ತೋರಿಸಿ ಗುಣ ನೋಡಲು ನಿಮಗೆ ಪೂರ್ತಿ ಆರು ತಿಂಗಳು ಸಿಗುತ್ತದೆ.